ಕಾನೂನು ಪ್ರಶ್ನೋತ್ತರ: ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಸಹಿ ಹಾಕಿದ ಮೇಲೆ

ರಾಜಿ ಪತ್ರ, ಹಕ್ಕು ಬಿಡುಗಡೆ ಪತ್ರ, ವಿಮೆಯ ವೋಚರ್. ಹೆಸರು ಬೇರೆಯಾದರೂ ಎಲ್ಲದರ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಇನ್ನು ಮುಂದೆ ನಮ್ಮದು ಯಾವ ತಂಟೆ ತಕರಾರೂ ಇರುವುದಿಲ್ಲ.’ ಈ ಸಾಲು ಎಲ್ಲಿಯವರೆಗೆ ಕಟ್ಟಿಹಾಕುತ್ತದೆ ಎಂದು ಉತ್ತರ ಕನ್ನಡ ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ತವರು ಶಿರಸಿ ತಾಲೂಕು, ಕೊಟ್ಟಿದ್ದು ಕುಮಟಾಕ್ಕೆ. ಅಪ್ಪ ತೀರಿಕೊಂಡ ಮರುವರ್ಷ, 2012ರಲ್ಲಿ, ಅಣ್ಣನ ಹೆಸರಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟೆ. ಷೆಡ್ಯೂಲಿನಲ್ಲಿ (ಪತ್ರದ ಆಸ್ತಿ ಪಟ್ಟಿಯಲ್ಲಿ) ಅಡಿಕೆ ತೋಟದ ಎರಡು ಸರ್ವೆ ನಂಬರುಗಳಿವೆ. ಕೊನೆಯಲ್ಲಿ ‘ಕುಟುಂಬದ ಯಾವುದೇ ಆಸ್ತಿಯ ಮೇಲೆ ಇನ್ನು ನನಗೆ ಹಕ್ಕಿಲ್ಲ’ ಎಂದಿದೆ. ಶಿರಸಿ ಪೇಟೆಯಲ್ಲಿ ಅಪ್ಪನ ಹೆಸರಿನಲ್ಲಿ ಒಂದು ಸೈಟ್ ಇತ್ತೆಂದು ಈಗ ತಿಳಿದಿದೆ. ಅದರಲ್ಲಿ ಪಾಲು ಕೇಳಬಹುದೇ?

ಉತ್ತರ: ಕೇಳಬಹುದು, ಕೇಳಲು ಗಟ್ಟಿ ಕಾರಣವೂ ಇದೆ. ಆದರೆ ಗೆಲುವು ಖಚಿತ ಎನ್ನಲಾಗದು. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಿಮ್ಮ ಪತ್ರದ ಎರಡು ಭಾಗಗಳು ಒಂದಕ್ಕೊಂದು ಹೊಂದುತ್ತಿಲ್ಲ. ಷೆಡ್ಯೂಲು ಎರಡೇ ಸರ್ವೆ ನಂಬರ್ ಹೇಳುತ್ತದೆ, ಕೊನೆಯ ಸಾಲು ಎಲ್ಲ ಆಸ್ತಿ ಎನ್ನುತ್ತದೆ. ಇಂಥ ಪತ್ರ ಎದುರಿಗೆ ಬಂದಾಗ ನ್ಯಾಯಾಲಯ ಕೊನೆಯ ಸಾಲೊಂದನ್ನೇ ಹಿಡಿದುಕೊಳ್ಳುವುದಿಲ್ಲ. ಪೀಠಿಕೆಯಿಂದ ಷೆಡ್ಯೂಲಿನವರೆಗೆ ಇಡೀ ಪತ್ರ ಓದುತ್ತದೆ. ಆ ದಿನ ಇಬ್ಬರ ನಡುವೆ ಯಾವ ಆಸ್ತಿಯ ಮಾತು ನಡೆದಿತ್ತು, ಕೊಟ್ಟ ಹಣ ಯಾವುದಕ್ಕೆ ಪ್ರತಿಯಾಗಿ ಎಂದು ನೋಡುತ್ತದೆ. ಬಿಡುಗಡೆಯ ಮಾತು ಎಷ್ಟೇ ಅಗಲವಾಗಿದ್ದರೂ, ಸಹಿ ಮಾಡುವಾಗ ಎರಡೂ ಕಡೆಯವರ ಮನಸ್ಸಿನಲ್ಲಿದ್ದ ವಿಷಯಕ್ಕೆ ಅದನ್ನು ಸೀಮಿತಗೊಳಿಸಿ ಓದುವುದು ಹಳೆಯ ಪದ್ಧತಿ.

ಇದರ ಮೇಲೆ ಹೆಚ್ಚು ಚರ್ಚೆಯಾದ ತೀರ್ಪು ಇಂಗ್ಲೆಂಡಿನದು. ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ 1990ರಲ್ಲಿ ನೌಕರರನ್ನು ಕಡಿತ ಮಾಡಿದಾಗ, ‘ಇರುವ, ಇರಬಹುದಾದ ಎಲ್ಲ ಬೇಡಿಕೆಗಳೂ ತೀರಿದವು’ ಎಂಬ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತ್ತು. ಮರುವರ್ಷ ಬ್ಯಾಂಕಿನ ಭಾರೀ ವಂಚನೆ ಬಯಲಾಗಿ ಅದು ಮುಚ್ಚಿತು. ಅಲ್ಲಿ ದುಡಿದವರೆಂಬ ಕಳಂಕದಿಂದ ಬೇರೆ ಕೆಲಸ ಸಿಗುತ್ತಿಲ್ಲ ಎಂದು ನೌಕರರು ಪರಿಹಾರ ಕೇಳಿದರು. ಹೌಸ್ ಆಫ್ ಲಾರ್ಡ್ಸ್ 2001ರಲ್ಲಿ, ಸಹಿ ಹಾಕುವಾಗ ಯಾರ ಊಹೆಗೂ ಬಾರದಿದ್ದ ಈ ಹಕ್ಕು ಬಿಡುಗಡೆಯೊಳಗೆ ಬರುವುದಿಲ್ಲ ಎಂದಿತು. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿತು: ತನಗೆ ಗೊತ್ತಿಲ್ಲದ ಹಕ್ಕನ್ನೂ ಮನುಷ್ಯ ಬಿಟ್ಟುಕೊಡಬಹುದು, ಆದರೆ ಹಾಗೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ನಮ್ಮ ನ್ಯಾಯಾಲಯಗಳು ಆ ತೀರ್ಪಿಗೆ ಬದ್ಧವಲ್ಲ, ಆದರೂ ವಾದಕ್ಕೆ ಬಲ ಕೊಡುತ್ತದೆ.

ನಮ್ಮ ಕಾನೂನಿನಲ್ಲೂ ನಿಮ್ಮ ಪರವಾದ ಅಂಶಗಳಿವೆ. ನೋಂದಣಿ ಕಾಯ್ದೆಯ 21ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಪತ್ರದಲ್ಲಿ ಆಸ್ತಿಯನ್ನು ಗುರುತಿಸುವಷ್ಟು ವಿವರ ಇರಬೇಕು. ಸೈಟಿನ ನಂಬರಾಗಲಿ ಚೆಕ್ಕುಬಂದಿಯಾಗಲಿ ಇಲ್ಲದ ಪತ್ರ ಸೈಟನ್ನೂ ಬಿಟ್ಟುಕೊಟ್ಟಿದೆ ಎನ್ನುವುದು ಅಣ್ಣನಿಗೆ ಸುಲಭವಲ್ಲ. ಸೈಟಿನ ವಿಷಯ ಅವರು ಬೇಕೆಂದೇ ಮುಚ್ಚಿಟ್ಟಿದ್ದರೆ ಕರಾರು ಕಾಯ್ದೆಯ 17ನೇ ಕಲಮಿನ ವಂಚನೆಯ ಮಾತೂ ಬರುತ್ತದೆ. ತಾಯಿ ಆಗ ಬದುಕಿದ್ದು ಪತ್ರಕ್ಕೆ ಸಹಿ ಹಾಕಿರದಿದ್ದರೆ, ಅವರ ಪಾಲು ಹೇಗೂ ನಿಮ್ಮ ಪತ್ರದಿಂದ ಹೋಗಿಲ್ಲ. ಬಿಡುಗಡೆ ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ.

ವಿರುದ್ಧ ಹೋಗಬಹುದಾದವು ಇವು: ಪತ್ರದಲ್ಲಿ ‘ಷೆಡ್ಯೂಲಿನಲ್ಲಿ ಸೇರಿದ, ಸೇರದ ಎಲ್ಲ ಆಸ್ತಿ’ ಎಂಬ ಮಾತಿದ್ದರೆ, ನಿಮಗೆ ಸಂದ ಹಣ ತೋಟದ ಪಾಲಿನ ಬೆಲೆಗಿಂತ ಎಷ್ಟೋ ಹೆಚ್ಚಿದ್ದರೆ, ಸೈಟಿನ ವಿಷಯ ಆಗಲೇ ಗೊತ್ತಿತ್ತೆಂದು ತೋರಿಸುವ ಕಾಗದ ಸಿಕ್ಕರೆ. ಪತ್ರದ ಮಾತಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ಕೊಡಲು ಕಾನೂನು ಬಿಡುವುದಿಲ್ಲ. ವಂಚನೆ ರುಜುವಾತು ಮಾಡುವುದು, ಪತ್ರ ಹುಟ್ಟಿದ ಸಂದರ್ಭ ತೋರಿಸುವುದು ಮುಂತಾದ ಕೆಲವು ಕಾರಣಗಳಿಗೆ ಮಾತ್ರ ಬಿಡುತ್ತದೆ.

ಕೆಲಸ ಈ ಕ್ರಮದಲ್ಲಿ ಸಾಗಲಿ. ಉಪ ನೋಂದಣಾಧಿಕಾರಿ ಕಚೇರಿಯಿಂದ 2012ರ ಪತ್ರದ ದೃಢೀಕೃತ ನಕಲು ತೆಗೆಸಿ. ಮನೆಯಲ್ಲಿರುವ ಜೆರಾಕ್ಸ್ ನಂಬಬೇಡಿ, ಷೆಡ್ಯೂಲಿನ ಪುಟವೇ ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ. ನಗರಸಭೆಯಿಂದ ಸೈಟಿನ ಖಾತೆ ಉತಾರ, ನೋಂದಣಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ. ಅಣ್ಣ ಅದನ್ನು ಮಾರಿದ್ದಾರೆಯೇ, ಅಡವಿಟ್ಟಿದ್ದಾರೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ನಂತರ ವಕೀಲರ ಮೂಲಕ ನೋಟಿಸ್. ದಾವೆ ಹಾಕುವಾಗ ಮೊದಲ ವಾದ ‘ಸೈಟು ಈ ಪತ್ರದೊಳಗೆ ಬರುವುದೇ ಇಲ್ಲ, ಹಿಸೆ ಮಾಡಿಕೊಡಿ’ ಎಂದಿರಲಿ. ಆಗ ಪತ್ರ ರದ್ದು ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ‘ಬಂದರೂ ಅದು ವಂಚನೆಯಿಂದ’ ಎಂಬುದು ಪರ್ಯಾಯ ವಾದ. ಇದಕ್ಕೆ ರದ್ದತಿ ಕೇಳಬೇಕಾಗುತ್ತದೆ, ಮತ್ತು ಅದಕ್ಕೆ ಇರುವುದು ವಿಷಯ ತಿಳಿದ ದಿನದಿಂದ 3 ವರ್ಷ ಮಾತ್ರ. ಸೈಟಿನ ವಿಷಯ ಯಾವ ದಿನ, ಯಾವ ಕಾಗದದಿಂದ ತಿಳಿಯಿತು ಎಂಬುದನ್ನು ಈಗಲೇ ಬರೆದಿಟ್ಟು ಆ ಕಾಗದ ಜೋಪಾನ ಮಾಡಿ. ಅವಧಿ ಮೀರಿತೆಂಬ ತಕರಾರು ಬಂದಾಗ ಬಹಳ ಪ್ರಕರಣಗಳು ಬೀಳುವುದು ಈ ಒಂದು ದಿನಾಂಕ ಹೇಳಲಾಗದೆ.

ತೋಟದ ಹಿಸೆ ಪತ್ರ ಇನ್ನೂ ಬರೆಯಬೇಕಿರುವವರಿಗೂ ಒಂದು ಮಾತು. ಘಟ್ಟದ ಮೇಲಿನ ಪತ್ರಗಳಲ್ಲಿ ಸರ್ವೆ ನಂಬರ್ ಸರಿಯಾಗಿರುತ್ತದೆ. ಬಿಟ್ಟುಹೋಗುವುದು ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ನೀರಿನ ಸರದಿ, ತೋಟಕ್ಕಿಳಿಯುವ ದಾರಿ, ಕೊಟ್ಟಿಗೆ ಮತ್ತು ಅಡಿಕೆ ಅಂಗಳ. ಬೆಟ್ಟದ ನೆಲ ನಿಮ್ಮ ಮಾಲಕಿಯಲ್ಲ, ಇರುವುದು ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯದ ಹಕ್ಕು. ಜಮೀನಿಗೆ ಅಂಟಿದ ಇಂಥ ಹಕ್ಕುಗಳು ಬೇರೆ ಉದ್ದೇಶ ಕಾಣದಿದ್ದರೆ ಜಮೀನಿನ ಜೊತೆಗೇ ಹೋಗುತ್ತವೆ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಆದರೂ ಸ್ಪಷ್ಟವಾಗಿ ಬರೆಯಿರಿ. ಬರೆಯದ ನೀರಿಗಾಗಿ ದಾಯಾದಿಗಳು ವರ್ಷಗಟ್ಟಲೆ ಕೋರ್ಟು ಹತ್ತುವುದು ನೋಡಿದರೆ ಸಂಕಟವಾಗುತ್ತದೆ. ಎರಡು ಸಾಲಿನಲ್ಲಿ ತಪ್ಪಿಸಬಹುದಾದ ಜಗಳ ಅದು.

ಪ್ರಶ್ನೆ: ಅಪ್ಪ ಬದುಕಿರುವಾಗಲೇ ‘ಮುಂದೆ ಅಪ್ಪನ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ’ ಎಂದು ಬರೆದುಕೊಟ್ಟರೆ ಅದು ನಿಲ್ಲುತ್ತದೆಯೇ? (ಸಿದ್ದಾಪುರ)

ಉತ್ತರ: ಆಸ್ತಿ ಅಪ್ಪನ ಸ್ವಯಾರ್ಜಿತವಾಗಿದ್ದರೆ, ಅವರು ಬದುಕಿರುವಾಗ ಮಕ್ಕಳಿಗೆ ಅದರಲ್ಲಿ ಇರುವುದು ಬರೀ ನಿರೀಕ್ಷೆ. ನಿರೀಕ್ಷೆಯನ್ನು ವರ್ಗಾಯಿಸಲು ಬಾರದು ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 6(ಎ) ಕಲಂ. ಆದರೆ ಹಣ ಪಡೆದು ಬರೆದುಕೊಟ್ಟವರು ಅಪ್ಪನ ಕಾಲಾನಂತರ ಮಾತು ತಿರುಗಿಸಿದರೆ, ಅವರದೇ ನಡತೆ ಅವರನ್ನು ತಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 1972ರ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಹೇಳಿತ್ತು. 2023ರ ಎಳುಮಲೈ ಪ್ರಕರಣದಲ್ಲಿ ಅದೇ ತತ್ವ ಮತ್ತೆ ಅನ್ವಯವಾಯಿತು. ಅಲ್ಲಿ ಹಣ ಪಡೆದು ಬಿಟ್ಟುಕೊಟ್ಟಾತನ ಮಕ್ಕಳ ಬೇಡಿಕೆಯೂ ನಿಲ್ಲಲಿಲ್ಲ. ಹಾಗಾಗಿ ‘ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿದರೇನಂತೆ’ ಎಂಬ ಧೈರ್ಯ ಬೇಡ. ಪಿತ್ರಾರ್ಜಿತದ ಲೆಕ್ಕ ಬೇರೆ. ಅಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ ಎಂದು 2020ರ ವಿನೀತಾ ಶರ್ಮಾ ತೀರ್ಪು ಖಚಿತಪಡಿಸಿದ್ದರಿಂದ, ನೋಂದಾಯಿತ ಬಿಡುಗಡೆ ಕೈಯಲ್ಲಿರುವ ಹಕ್ಕಿನ ಬಿಡುಗಡೆಯೇ ಆಗುತ್ತದೆ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ನಮ್ಮ ಬೋಟಿದೆ. ಗಾಳಿಮಳೆಯಲ್ಲಿ ಧಕ್ಕೆಗೆ (ಬೋಟು ನಿಲ್ಲಿಸುವ ಕಟ್ಟೆಗೆ) ಅಪ್ಪಳಿಸಿ ಹಲಗೆ, ಎಂಜಿನ್ ಹಾಳಾದವು. 9 ಲಕ್ಷ ಕೇಳಿದ್ದೆವು, ವಿಮಾ ಕಂಪನಿ 5.4 ಲಕ್ಷ ಕೊಟ್ಟಿತು. ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರಿಗೆ ಸಹಿ ಹಾಕದೆ ಹಣ ಬಿಡುವುದಿಲ್ಲ ಎಂದರು. ಸಾಲದ ಕಂತು ನಿಂತಿತ್ತು, ಸಹಿ ಹಾಕಿದೆವು. ಉಳಿದದ್ದು ಕೇಳಬಹುದೇ?

ಉತ್ತರ: ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಂಚನೆ, ಒತ್ತಾಯ, ಅನುಚಿತ ಪ್ರಭಾವದಿಂದ ಸಹಿ ಪಡೆದದ್ದೆಂದು ತೋರಿಸಿದರೆ ಗ್ರಾಹಕ ವೇದಿಕೆ ಉಳಿದ ಹಣ ಕೊಡಿಸಬಹುದು ಎಂದು ಸುಪ್ರೀಂ ಕೋರ್ಟ್ 1999ರ ಅಜ್ಮೇರ್ ಸಿಂಗ್ ಕಾಟನ್ ಪ್ರಕರಣದಲ್ಲಿ ಹೇಳಿದೆ. 2008ರ ಬೋಘಾರಾ ಪಾಲಿಫ್ಯಾಬ್ ತೀರ್ಪು ನಿಮ್ಮಂಥ ಸ್ಥಿತಿಯನ್ನೇ ವಿವರಿಸಿತು: ಸಹಿ ಹಾಕದಿದ್ದರೆ ಒಪ್ಪಿದ ಹಣವನ್ನೂ ಕೊಡುವುದಿಲ್ಲ ಎಂದು ಹೆದರಿಸಿ ಪಡೆದ ವೋಚರು ಸ್ವಇಚ್ಛೆಯದಲ್ಲ. ವೋಚರು ಪಾಲಿಸಿದಾರರ ಮುಂದಿನ ಹಕ್ಕನ್ನು ಕಸಿಯುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವೂ 2015ರಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ.

ಇಷ್ಟು ಓದಿ ನಿಶ್ಚಿಂತರಾಗಬೇಡಿ. ‘ಒತ್ತಾಯ ಮಾಡಿದರು’ ಎಂಬ ಬರೀ ಮಾತಿಗೆ ಬೆಲೆ ಇಲ್ಲ ಎಂದು ಅದೇ ಕೋರ್ಟು 2011ರ ಮಾಸ್ಟರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಹೇಳಿದೆ. 2014ರ ಜೀನಸ್ ಪವರ್ ಪ್ರಕರಣದಲ್ಲಿ ವಿಮೆ ಮಾಡಿಸಿದ್ದ ಕಂಪನಿಯೊಂದು ಸಹಿ ಹಾಕಿ ಹತ್ತಿರ ಹತ್ತಿರ ಮೂರು ವಾರ ಕಳೆದ ಮೇಲೆ ತಕರಾರು ಎತ್ತಿತು. ಒತ್ತಾಯದ ವಿವರ ಇರಲಿಲ್ಲ, ಸಹಿ ಹಾಕದೆ ಬೇರೆ ದಾರಿಯಿಲ್ಲ ಎಂಬಷ್ಟು ಹಣದ ಮುಗ್ಗಟ್ಟೂ ಅದಕ್ಕಿರಲಿಲ್ಲ. ಕೋರ್ಟು ಒಪ್ಪಲಿಲ್ಲ. ಈ ತೀರ್ಪುಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಪ್ರಕರಣ ಎರಡು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ: ತಕರಾರನ್ನು ಎಷ್ಟು ಬೇಗ ಬರೆದು ತಿಳಿಸಿದಿರಿ? ಅಂದಿನ ಮುಗ್ಗಟ್ಟಿಗೆ ಕಾಗದ ಏನಿದೆ?

ಇನ್ನೂ ಬರೆದಿಲ್ಲವಾದರೆ ಇಂದೇ ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿ. ವೋಚರಿನ ದಿನಾಂಕ, ಸಹಿ ಕೇಳಿದವರ ಹುದ್ದೆ, ಅವರು ಆಡಿದ ಮಾತು, ಯಾವ ಬಾಬ್ತಿನಲ್ಲಿ ಎಷ್ಟು ಕಡಿತವಾಯಿತು, ಎಲ್ಲ ಬರಲಿ. ಸರ್ವೇಯರ್ ವರದಿಯ ಪ್ರತಿ ಲಿಖಿತವಾಗಿ ಕೇಳಿ. ಕಡಿತದಲ್ಲಿ ಸವಕಳಿ, ಪಾಲಿಸಿಯ ಕಡ್ಡಾಯ ಕಡಿತ, ಬಿಡಿಭಾಗದ ಉಳಿಕೆ ಬೆಲೆ ಎಂಬ ಮೂರು ಬಾಬ್ತುಗಳಿರುವುದು ಸಾಮಾನ್ಯ. ಅವು ಪಾಲಿಸಿಯ ಷರತ್ತಿನಂತೆಯೇ ಇದ್ದರೆ, ವೋಚರ್ ಬದಿಗಿಟ್ಟರೂ ನಿಮಗೆ ಹೆಚ್ಚೇನೂ ಬರುವುದಿಲ್ಲ. ಈ ಲೆಕ್ಕವನ್ನು ಮೊದಲು ಮಾಡಿ, ಆಮೇಲೆ ವಕೀಲರ ಫೀ ಕೊಡಿ. ಕಂತು ತಪ್ಪಿದ ಬ್ಯಾಂಕ್ ನೋಟಿಸ್, ಡೀಸೆಲ್ ಬಾಕಿ, ದುರಸ್ತಿಯವರ ಬಿಲ್ಲು ಮುಗ್ಗಟ್ಟಿನ ಸಾಕ್ಷ್ಯ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಹೋಗಬೇಕು.

ಪ್ರಶ್ನೆ: ಹೊನ್ನಾವರದಲ್ಲಿ 6 ಲಕ್ಷದ ಚೆಕ್ ಬೌನ್ಸ್ ಕೇಸು ಹಾಕಿದ್ದೆ. 4 ಲಕ್ಷಕ್ಕೆ, ನಾಲ್ಕು ಕಂತಿನಲ್ಲಿ ರಾಜಿಯಾಯಿತು. ‘ಹಳೆಯ ಎಲ್ಲ ಬಾಕಿ ಮುಗಿಯಿತು’ ಎಂದು ಬರೆದೆವು. ಎರಡನೇ ಕಂತಿನ ಚೆಕ್ಕೂ ಬೌನ್ಸ್ ಆಯಿತು. ಹಳೇ 6 ಲಕ್ಷದ ಕೇಸಿಗೆ ಮರಳಬಹುದೇ?

ಉತ್ತರ: ನೀವು ಬರೆದುಕೊಂಡ ಮಾತಿನ ಪ್ರಕಾರ, ಕಷ್ಟ. ರಾಜಿಯಾದ ಮೇಲೆ ಹಳೆಯ ದೂರು ಆ ರಾಜಿಯೊಳಗೆ ಸೇರಿಹೋಗುತ್ತದೆ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಗಿಂಪೆಕ್ಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ದಾರಿ ಹೊಸ ಚೆಕ್ಕಿನದು. ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಉಳಿದ ಕಂತುಗಳಿಗೆ ರಾಜಿ ಪತ್ರದ ಆಧಾರದಲ್ಲಿ ಸಿವಿಲ್ ದಾವೆಯೂ ಆಗುತ್ತದೆ. ರಾಜಿ ಲೋಕ ಅದಾಲತ್ತಿನಲ್ಲಿ ಆಗಿದ್ದರೆ ಇನ್ನೂ ಸುಲಭ. ಚೆಕ್ ಪ್ರಕರಣದ ಅದಾಲತ್ ಅವಾರ್ಡನ್ನೂ ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಮಾಡಿಸಬಹುದು ಎಂದು 2011ರ ಗೋವಿಂದನ್ ಕುಟ್ಟಿ ಮೆನನ್ ತೀರ್ಪು ಹೇಳುತ್ತದೆ.

ಇಲ್ಲಿ ಆದ ತೊಡಕು ಒಂದೇ. ಬಿಡುಗಡೆ ಸಹಿಯ ದಿನವೇ ಜಾರಿಗೆ ಬಂತು, ಹಣ ಮಾತ್ರ ಮುಂದಿನ ತಿಂಗಳುಗಳಿಗೆ ಉಳಿಯಿತು. ಹಣ ಕೊಡುವ ಮಾತನ್ನೇ ಬಾಕಿಗೆ ಬದಲಾಗಿ ಒಪ್ಪಿದ್ದೀರೋ, ಹಣ ಕೈಸೇರಿದ ಮೇಲಷ್ಟೇ ಬಾಕಿ ತೀರಬೇಕೆಂದಿತ್ತೋ ಎಂದು ಕೋರ್ಟು ಪತ್ರದಲ್ಲೇ ಹುಡುಕುತ್ತದೆ. ‘ಕೊನೆಯ ಕಂತು ಬ್ಯಾಂಕಿನಲ್ಲಿ ಜಮೆಯಾದ ದಿನದಿಂದ ಮಾತ್ರ ಈ ಬಿಡುಗಡೆ ಜಾರಿಗೆ ಬರತಕ್ಕದ್ದು, ಯಾವುದೇ ಕಂತು ತಪ್ಪಿದರೆ ಪೂರ್ಣ 6 ಲಕ್ಷದಲ್ಲಿ ಸಂದಾಯವಾದದ್ದು ಕಳೆದು ಉಳಿದದ್ದು ಕೂಡಲೇ ಕೊಡತಕ್ಕದ್ದು’ ಎಂದಿದ್ದರೆ, ನಿಮ್ಮ ಸಿವಿಲ್ ಬೇಡಿಕೆ 4 ಲಕ್ಷಕ್ಕೆ ನಿಲ್ಲುತ್ತಿರಲಿಲ್ಲ.

ಪ್ರಶ್ನೆ: ಸೊಸೈಟಿ ಸಾಲಕ್ಕೆ ನಾವು ಮೂವರು ಜಾಮೀನು. ಸೊಸೈಟಿಯವರು ಒಬ್ಬರಿಂದ ಸ್ವಲ್ಪ ಹಣ ಪಡೆದು ಅವರನ್ನು ಬಿಡುಗಡೆ ಮಾಡಿದ್ದಾರೆ. ನಾವೂ ಬಿಡುಗಡೆಯಾದಂತೆ ತಾನೇ? (ಯಲ್ಲಾಪುರ)

ಉತ್ತರ: ಇಲ್ಲ. ಕರಾರು ಕಾಯ್ದೆಯ 138ನೇ ಕಲಂ ಪ್ರಕಾರ ಒಬ್ಬ ಜಾಮೀನುದಾರನ ಬಿಡುಗಡೆ ಉಳಿದವರದ್ದಾಗುವುದಿಲ್ಲ. ಬಿಡುಗಡೆಯಾದವರೂ ಪೂರ್ತಿ ಪಾರಾಗಿಲ್ಲ, ನೀವು ನಿಮ್ಮ ಪಾಲಿಗಿಂತ ಹೆಚ್ಚು ಕಟ್ಟಬೇಕಾಗಿ ಬಂದರೆ ಅವರಿಂದ ಅವರ ಪಾಲು ಕೇಳಬಹುದು. ಆದರೆ ಸೊಸೈಟಿ ಸಾಲಗಾರನನ್ನೇ ಬಿಡುಗಡೆ ಮಾಡಿದ್ದರೆ 134ನೇ ಕಲಂ ನೋಡಿ. ಆಗ ಜಾಮೀನುದಾರರೂ ಪಾರು. ಜಾಮೀನು ಪತ್ರದಲ್ಲಿ ಆ ಹಕ್ಕನ್ನು ಮೊದಲೇ ಬಿಟ್ಟುಕೊಟ್ಟಿರುವ ಸಾಲಿದೆಯೇ ಎಂದು ಓದಿ ನೋಡಿ. ಅಚ್ಚಾದ ಫಾರಮ್ಮುಗಳಲ್ಲಿ ಅದು ಇರುವುದು ಸಾಮಾನ್ಯ.

ಪ್ರಶ್ನೆ: ಅಂಕೋಲಾದ ಖಾಸಗಿ ಸಂಸ್ಥೆಯಲ್ಲಿ 12 ವರ್ಷ ದುಡಿದು 2023ರಲ್ಲಿ ಬಿಟ್ಟೆ. ‘ಎಲ್ಲ ಬಾಕಿ ಸಂದಿದೆ’ ಎಂದು ಸಹಿ ಹಾಕಿಸಿಕೊಂಡರು. ಗ್ರಾಚ್ಯುಟಿ ಕೊಡಲಿಲ್ಲ.

ಉತ್ತರ: ಕಾನೂನು ಕೊಟ್ಟ ಗ್ರಾಚ್ಯುಟಿಯನ್ನು ಖಾಸಗಿ ಕರಾರು ಅಳಿಸಲಾರದು. ನೀವು ಕೆಲಸ ಬಿಟ್ಟಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ 14ನೇ ಕಲಂ ಅದನ್ನೇ ಹೇಳುತ್ತಿತ್ತು. ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದಿರಬೇಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ ಇದ್ದರೆ ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 12 ವರ್ಷಕ್ಕೆ ಗುಣಿಸಿ: 1,26,000 ರೂಪಾಯಿ. ಮೊದಲು ಮಾಲೀಕರಿಗೆ ಲಿಖಿತ ಅರ್ಜಿ, ಕೊಡದಿದ್ದರೆ ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಿಗೆ, ತಡವಾದದ್ದಕ್ಕೆ ಕಾರಣ ಬರೆದು. ಬೋನಸ್ಸಿಗಿಂತ ಹೆಚ್ಚುವರಿ ಇನಾಮು, ಕಮಿಷನ್ನಿನಂಥ ಬರೀ ಕರಾರಿನ ಬಾಕಿಗಳಿಗೆ ಮಾತ್ರ ನಿಮ್ಮ ಸಹಿ ಅಡ್ಡ ಬರಬಹುದು.

ಪ್ರಶ್ನೆ: ಹೆದ್ದಾರಿ 66ರಲ್ಲಿ ಅಪಘಾತವಾಗಿ ಮಗನ ಕಾಲಿಗೆ ರಾಡ್ ಹಾಕಿದ್ದಾರೆ. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಮುಂದೆ ಮತ್ತೆ ಆಪರೇಷನ್ ಬಂದರೆ ಕೇಳಬಹುದೇ? (ಕುಮಟಾ)

ಉತ್ತರ: ಈಗ ಬರೆಸದಿದ್ದರೆ ಆಮೇಲೆ ಕೇಳಲು ಜಾಗವೇ ಇರುವುದಿಲ್ಲ ಎಂದೇ ತಿಳಿದು ಹೊರಡಿ. ಅದಾಲತ್ತಿನ ಅವಾರ್ಡಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಮೇಲ್ಮನವಿಯಿಲ್ಲ. ಹೈಕೋರ್ಟಿಗೆ, ಅಂದರೆ ನಮ್ಮ ಜಿಲ್ಲೆಯವರು ಧಾರವಾಡ ಪೀಠಕ್ಕೆ, ರಿಟ್ ಹಾಕಬಹುದು. ಅದೂ ಬಹಳ ಸೀಮಿತ ಕಾರಣಗಳಿಗೆ ಎಂದು 2008ರ ಜಲೌರ್ ಸಿಂಗ್ ತೀರ್ಪು ಹೇಳುತ್ತದೆ. ಮೊತ್ತ ಕಡಿಮೆಯಾಯಿತು ಎಂಬುದು ಅಂಥ ಕಾರಣವಲ್ಲ.

ಆದ್ದರಿಂದ ಕೂರುವ ಮೊದಲು ಮೂಳೆ ವೈದ್ಯರಿಂದ ಬರೆಸಿಕೊಳ್ಳಿ: ರಾಡ್ ತೆಗೆಯಬೇಕೇ, ಯಾವಾಗ, ಅಂದಾಜು ಖರ್ಚು, ಶಾಶ್ವತ ನ್ಯೂನತೆಯ ಪ್ರಮಾಣ. ಆ ಖರ್ಚನ್ನು ಮೊತ್ತದೊಳಗೆ ಸೇರಿಸಿ ಕೇಳಿ. ಮೂಳೆ ಇನ್ನೂ ಕೂಡಿಲ್ಲ, ವೈದ್ಯರೇ ಈಗ ಹೇಳಲಾಗದು ಎಂದರೆ, ಈ ಅದಾಲತ್ ಬಿಟ್ಟು ಮುಂದಿನದಕ್ಕೆ ಕಾಯಿರಿ. ರಾಜಿಗೆ ಒಪ್ಪಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ಮಗ 18 ತುಂಬದವನಾಗಿದ್ದರೆ, ಪೋಷಕರ ಸಹಿಯೊಂದೇ ಸಾಲದು. ರಾಜಿ ಅವನ ಹಿತಕ್ಕಿದೆ ಎಂದು ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದ ರಾಜಿಯನ್ನು ಮಗನ ಪರವಾಗಿ ರದ್ದು ಮಾಡಿಸಬಹುದು.

ಪ್ರಶ್ನೆ: ಶಿರಸಿ ಸಿವಿಲ್ ಕೋರ್ಟಿನಲ್ಲಿ ನಮ್ಮ ಹಿಸೆ ದಾವೆ ರಾಜಿಗೆ ಬಂದಿದೆ. ಬಿಡುಗಡೆಯ ಸಾಲು ಹೇಗೆ ಬರೆಯಬೇಕು?

ಉತ್ತರ: ಯಾರು ಯಾರನ್ನು ಬಿಡುತ್ತಾರೆ, ಯಾವ ವ್ಯಾಜ್ಯದಿಂದ, ಯಾವ ದಿನಾಂಕದವರೆಗಿನದು, ಯಾವಾಗಿನಿಂದ ಜಾರಿ, ಯಾವುದು ಹೊರಗೆ. ಈ ಐದಕ್ಕೆ ಉತ್ತರವಿದ್ದರೆ ಸಾಕು. ಉದಾಹರಣೆಗೆ:

‘ಎ ಷೆಡ್ಯೂಲ್ ಆಸ್ತಿಗಳ ಬಗ್ಗೆ ಈ ದಾವೆಯಲ್ಲಿ ಎತ್ತಿದ ಹಾಗೂ ಈ ದಿನದವರೆಗಿನ ಉತ್ಪನ್ನದ ಲೆಕ್ಕಕ್ಕೆ ಸಂಬಂಧಿಸಿದ ಎಲ್ಲ ಬೇಡಿಕೆಗಳನ್ನು, ಈ ರಾಜಿ ಪತ್ರದ ಕಲಂ 4ರ ಹಣ ಪೂರ್ತಿ ಸಂದ ದಿನದಿಂದ, ವಾದಿಯು ಪ್ರತಿವಾದಿ 1 ಮತ್ತು 2ರ ಪರವಾಗಿ ಬಿಟ್ಟುಕೊಟ್ಟಿರುತ್ತಾರೆ. ಬಿ ಷೆಡ್ಯೂಲ್ ಆಸ್ತಿ, ಷೆಡ್ಯೂಲಿನಲ್ಲಿ ಕಾಣಿಸದ ಇತರ ಆಸ್ತಿ, ಮತ್ತು ಈ ರಾಜಿಯ ಷರತ್ತು ಜಾರಿ ಮಾಡಿಸುವ ಹಕ್ಕು ಈ ಬಿಡುಗಡೆಗೆ ಒಳಪಡುವುದಿಲ್ಲ.’

ನೀವು ಬಿಡುಗಡೆ ಪಡೆಯುವ ಕಡೆಯವರಾದರೆ ನಿಮಗೆ ಬೇಕಾದದ್ದು ಇದರ ತದ್ವಿರುದ್ಧ. ಆಗ ‘ತಿಳಿದಿರುವ ಹಾಗೂ ಈಗ ತಿಳಿಯದ’ ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಿ, ಮತ್ತು ಎಲ್ಲ ಆಸ್ತಿಯ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಡಿ. ಏನನ್ನೂ ಬಚ್ಚಿಡದವರ ಪರವಾಗಿಯೇ ಅಗಲವಾದ ಮಾತು ನಿಲ್ಲುವುದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ, 3ನೇ ನಿಯಮದಂತೆ ರಾಜಿ ಲಿಖಿತವಾಗಿದ್ದು ಪಕ್ಷಕಾರರ ಸಹಿ ಇರಬೇಕು. ಊರಿನಲ್ಲಿಲ್ಲದ ತಂಗಿಯ ಪರವಾಗಿ ಅಣ್ಣ ಹಾಕಿದ ಸಹಿ ನಡೆಯುವುದಿಲ್ಲ, ಅಧಿಕಾರ ಪತ್ರ ಬೇಕು. ದಾವೆಯಲ್ಲಿ ಇಲ್ಲದ ಆಸ್ತಿಯನ್ನು, ಉದಾಹರಣೆಗೆ ಹುಬ್ಬಳ್ಳಿಯ ಮನೆಯನ್ನು, ರಾಜಿಯಲ್ಲಿ ಸೇರಿಸಿದರೆ ಆ ಮಟ್ಟಿಗೆ ಡಿಕ್ರಿಯನ್ನು ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಖಾತೆ ಬದಲಾವಣೆಗೆ ಹೋದಾಗ ತಡೆ ಬೀಳುತ್ತದೆ. ಡಿಕ್ರಿಯಾದ ಮೇಲೆ ಮೋಸವಾಗಿದೆ ಎನಿಸಿದರೆ ಅದಕ್ಕೆಂದು ಬೇರೆ ದಾವೆ ಹಾಕಲು 3ಎ ನಿಯಮ ಬಿಡುವುದಿಲ್ಲ. ರಾಜಿ ದಾಖಲಿಸಿದ ಅದೇ ನ್ಯಾಯಾಲಯಕ್ಕೇ ಅರ್ಜಿ ಹೋಗಬೇಕು ಎಂದು 2006ರ ಪುಷ್ಪಾ ದೇವಿ ಭಗತ್ ತೀರ್ಪು ಹೇಳುತ್ತದೆ. ಹಣ ಸಂದ ಮೇಲೆ ರಶೀದಿಯನ್ನು ಕೋರ್ಟಿನ ಕಡತಕ್ಕೂ ಸೇರಿಸಿ, ಡಿಕ್ರಿಯ ದೃಢೀಕೃತ ನಕಲಿನೊಂದಿಗೆ ಪಹಣಿ ಬದಲಾವಣೆಗೆ ಅರ್ಜಿ ಕೊಡಿ.